ಹಾಡಿನಣ್ಣನ ಹೊಟ್ಟೆಕಿಚ್ಚು

ಆ ಭಾನುವಾರ ತನ್ನ ಗಂಟಲು ಕಟ್ಟದೇ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದು ಅವನು ಬಹಳ ಕಾಲ ನಂಬಿಕೊಂಡಿದ್ದ. ಹಿಂದಿನ ದಿನವೆಲ್ಲ ಗಿರಣಿಯಲ್ಲಿ ಒಣಮೆಣಸಿನಕಾಯಿ ಬೀಸಿದ್ದ. ಅದರ ಘಾಟು ಗಂಟಲಿಗಿಳಿದು, ಬೆಳಗ್ಗೆ ಎದ್ದು ಬಾಯಿ ತೆರೆದರೆ ದನಿಗೆ ಬದಲು ಬರೀ ಗಾಳಿ ಬಂತು. ಹೆಂಡತಿ ಬಿಸಿನೀರು ಕಾಯಿಸಿ ಕೊಟ್ಟಳು. ತಾಯಿ ಉಪ್ಪುನೀರಿನಲ್ಲಿ ಮುಕ್ಕಳಿಸು ಅಂದಳು. ಯಾವುದಕ್ಕೂ ಗಂಟಲು ಜಗ್ಗಲಿಲ್ಲ. ಕೊನೆಗೆ ಮಗಳನ್ನು ಕರೆದು, ಇವತ್ತೊಂದು ದಿನ ಹಾಡು ನೀನೇ ಹಿಡಿ ಎಂದು ಪಿಸುದನಿಯಲ್ಲಿ ಹೇಳಿದ.

ಅವನು ವಾರದ ದಿನಗಳಲ್ಲಿ ಗಿರಣಿಯವನು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಲಾಂಡ್ರಿಗೂ ನಡುವೆ ಅವನ ಹಿಟ್ಟಿನ ಗಿರಣಿ. ಗೋಡೆ, ಬಲ್ಬು, ಜೇಡರ ಬಲೆ, ಅವನ ಹುಬ್ಬು, ಎಲ್ಲದರ ಮೇಲೂ ಬಿಳಿ ಪುಡಿ. ಭಾನುವಾರ ಮಾತ್ರ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಚರ್ಚಿನಲ್ಲಿ ಮೈಕಿನ ಮುಂದೆ ನಿಂತರೆ ಅವನು ಹಾಡಿನಣ್ಣ. ಅಲ್ಲಿ ಯಾರೂ ಅವನನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಆರಾಧನೆಯ ಹಾಡು ಯಾವುದು, ಯಾವ ಶ್ರುತಿ, ಎಲ್ಲಿ ಕೈ ತಟ್ಟಬೇಕು, ಎಲ್ಲಿ ಕಣ್ಣು ಮುಚ್ಚಬೇಕು, ಎಲ್ಲವೂ ಅವನ ಮಾತಿನಂತೆ. ಪಾಸ್ಟರ್‌ಗಳು ಬಂದರು, ಹೋದರು. ಹಾಡಿನಣ್ಣ ಮಾತ್ರ ಅಲುಗಾಡಲಿಲ್ಲ.

ಹೀಗಾಗಿ ಆ ಭಾನುವಾರ ಅವನು, ಹಾಡಿನಣ್ಣನಾದ ಮೇಲೆ ಮೊಟ್ಟಮೊದಲ ಬಾರಿಗೆ, ಬೆಂಚಿನ ಮೇಲೆ ಕೂತು ಹಾಡು ಕೇಳಿದ.

ಮಗಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ. ಚಿಕ್ಕಂದಿನಿಂದ ಅಪ್ಪನ ಹಿಂದೆ ನಿಂತು, ಅವನು ಹೇಳಿದ ಸಾಲನ್ನು ಮೆಲ್ಲಗೆ ಕೂಡಿ ಹಾಡಿಕೊಂಡು ಬಂದವಳು. ಮುಂದೆ ಬಂದವಳೇ ಅಪ್ಪನ ಹಾಗೆ "ಎಲ್ಲರೂ ಜೋರಾಗಿ" ಎನ್ನಲಿಲ್ಲ. ಸುಮ್ಮನೆ ನಿಂತಳು. ಜನರ ಕೆಮ್ಮು, ಬೆಂಚಿನ ಕಿರಕಿರ ಎಲ್ಲ ನಿಂತು ಫ್ಯಾನಿನ ಸದ್ದು ಕೇಳಿಸುವವರೆಗೂ ಕಾದಳು. ಆಮೇಲೆ, ಮಗುವನ್ನು ಎಬ್ಬಿಸುವವಳಂತೆ ಮೆಲ್ಲನೆ ಪಲ್ಲವಿ ಎತ್ತಿದಳು.

ಅವನಿಗೆ ಎದೆ ತುಂಬಿ ಬಂತು. ನಾನು ಕಲಿಸಿದ್ದು, ಗೋಧಿ ಚೀಲದ ಮೇಲೆ ಕೂರಿಸಿಕೊಂಡು ನಾನೇ ಕಲಿಸಿದ್ದು ಎಂದುಕೊಂಡ. ಅಷ್ಟರಲ್ಲಿ ಅವನ ಕಣ್ಣು ಪಕ್ಕಕ್ಕೆ ಹೊರಳಿತು. ಔಷಧಿ ಅಂಗಡಿಯ ಯಜಮಾನರು, ಪ್ರತಿ ವಾರ ಹಾಡಿನ ಹೊತ್ತಿನಲ್ಲಿ ಗಡಿಯಾರ ನೋಡಿಕೊಳ್ಳುವವರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನ ಹುಡುಗರು ಗುಸುಗುಸು ನಿಲ್ಲಿಸಿ ಹಾಡುತ್ತಿದ್ದರು. ತನ್ನ ಹಾಡಿಗೆ ಇವರು ಯಾವತ್ತಾದರೂ ಹೀಗೆ ಕೂತಿದ್ದರೇ? ಪಲ್ಲವಿ ಮುಗಿಯುವವರೆಗೆ ಅವನು ಅಪ್ಪನಾಗಿದ್ದ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಬೇರೇನೋ ಆಗಿಹೋಗಿದ್ದ.

ಬಾಗಿಲಲ್ಲಿ ಜನ ಅವನ ಕೈ ಕುಲುಕಿದರು. ಇಂಥ ಮಗಳನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಒಬ್ಬರು, ಗಂಟಲು ನಿಧಾನವಾಗಿ ವಾಸಿಯಾಗಲಿ, ಅವಸರ ಬೇಡ ಎಂದು ಇನ್ನೊಬ್ಬರು. ಈ ಎರಡನೆಯ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಆದರೂ ಹಲ್ಲು ಕಿರಿದು ನಿಂತ. ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಪಕ್ಕದ ಮನೆಯವನ ಮೇಲೆ ಹೊಟ್ಟೆಕಿಚ್ಚಾದರೆ ಹೆಂಡತಿಯ ಹತ್ತಿರ ಹೇಳಿಕೊಂಡು ಹಗುರಾಗಬಹುದು. ತಮ್ಮನ ಮೇಲಾದರೆ ಜಗಳ ತೆಗೆಯಬಹುದು. ಹೆತ್ತ ಮಗಳ ಮೇಲಾದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಈ ಹಾಡು ಹಿಡಿಯುವ ಕೆಲಸ ಮನೆಗೆ ಬಂದದ್ದು ಅವನ ತಾಯಿಯಿಂದ. ಚರ್ಚಿನ ಸಭೆ ಇನ್ನೂ ಸೈಕಲ್ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ನಡೆಯುತ್ತಿದ್ದ ಕಾಲ ಅದು. ಮೈಕಿಲ್ಲ, ವಾದ್ಯವಿಲ್ಲ. ಗಿರಣಿಯ ಬೆಲ್ಟಿನ ಗಲಾಟೆಯನ್ನು ಮೀರಿಸಿ ಗಿರಾಕಿಗಳನ್ನು ಕೂಗಿ ಕೂಗಿ ಪಳಗಿದ ಗಂಟಲು ಆಕೆಯದು. ಆಕೆ ಹಾಡು ಎತ್ತಿದರೆ ಬೀದಿಯಲ್ಲಿ ಹೋಗುವವರು ನಿಂತು ಒಳಗೆ ಇಣುಕುತ್ತಿದ್ದರಂತೆ. ಹಿಟ್ಟಿನ ದೂಳು ಎದೆಗೆ ಸೇರಿ ಉಸಿರು ಸಾಲದಾದಾಗ ಆಗಿನ ಪಾಸ್ಟರ್ ಹಾಡನ್ನು ಮಗನ ಕೈಗೆ ಕೊಟ್ಟರು. ಆಕೆ ಎಲ್ಲರ ಎದುರಿಗೇ ಮಗನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಅದಾದ ಮೇಲೆ ಬಹಳ ಕಾಲ ಆಕೆಗೆ ಮೊಣಕಾಲು ನೋವು ಕಾಡಿತು. ಹಾಡುಗಳೆಲ್ಲ ಮುಗಿದು ಪಾಸ್ಟರ್ ಉಪದೇಶ ಶುರುಮಾಡುವ ಹೊತ್ತಿಗೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಹಿಂದೆ ಕೂರುತ್ತಿದ್ದಳು. ಪಾಪ, ವಯಸ್ಸಾಯಿತು ಎಂದು ಅವನು ಆಗ ಮರುಗಿದ್ದ.

ಗಂಟಲೇನೋ ಬೇಗ ವಾಸಿಯಾಯಿತು. ಆದರೆ ಪಾಸ್ಟರ್ ಮನೆಗೆ ಬಂದರು. ಹೊಸಬರು, ಮೃದು ಸ್ವಭಾವದವರು. ಸಭೆಯ ಹಿರಿಯರು ಮಾತಾಡಿಕೊಂಡಿದ್ದಾರೆ, ಒಂದು ವಾರ ನೀವು, ಒಂದು ವಾರ ನಿಮ್ಮ ಮಗಳು, ಎಷ್ಟಾದರೂ ನಿಮ್ಮ ಮನೆಯಲ್ಲೇ ಉಳಿಯುತ್ತದಲ್ಲ ಎಂದರು. ಅವನು ಸಂತೋಷ ಎಂದ. ಆಮೇಲೆ ಪಾಸ್ಟರನ್ನು ಬಾಗಿಲವರೆಗೂ ಬಿಡಲು ಹೋಗಿ, ದನಿ ತಗ್ಗಿಸಿ, ಹುಡುಗಿ ಇನ್ನೂ ಚಿಕ್ಕವಳು, ಈ ಹೊಗಳಿಕೆ ಅವಳ ಆತ್ಮಕ್ಕೆ ಒಳ್ಳೆಯದಲ್ಲ, ತಲೆ ತಿರುಗೀತು ಎಂದು ಕಳವಳ ತೋಡಿಕೊಂಡ. ಹೊಟ್ಟೆಕಿಚ್ಚಿಗೆ ಭಕ್ತಿಯ ಅಂಗಿ ತೊಡಿಸಿದರೆ ಅದು ಬಹಳ ಸಭ್ಯವಾಗಿ ಕಾಣುತ್ತದೆ. ಪಾಸ್ಟರ್‌ಗೆ ಅದು ತಂದೆಯ ಕಾಳಜಿಯಾಗಿಯೇ ಕಂಡಿತು. ಅವಳಿಗಾಗಿ ಪ್ರಾರ್ಥಿಸೋಣ ಎಂದು ಹೇಳಿ ಹೋದರು.

ಊಟದ ಹೊತ್ತು ಅವನ ತಕರಾರಿನ ಹೊತ್ತಾಯಿತು. ಇಲ್ಲಿ ಉಸಿರು ತಪ್ಪಾಗಿ ತೆಗೆದುಕೊಂಡೆ, ಅಲ್ಲಿ ಎಳೆತ ಹೆಚ್ಚಾಯಿತು, ಹಾಡುವಾಗ ಕೈ ಯಾಕೆ ಹಾಗೆ ಆಡಿಸುತ್ತೀ. ಮಗಳು ತಲೆ ತಗ್ಗಿಸಿ ಹೂಂ ಎನ್ನುತ್ತಿದ್ದಳು. ಮುಂದಿನ ಸಲ ಅವನು ಹೇಳಿದಂತೆಯೇ ತಿದ್ದಿಕೊಂಡು ಹಾಡುತ್ತಿದ್ದಳು, ಇನ್ನಷ್ಟು ಚೆನ್ನಾಗಿ ಹಾಡುತ್ತಿದ್ದಳು. ತಾನೇ ಕತ್ತಿ ಮಸೆದು ಕೊಡುತ್ತಿದ್ದೇನೆ ಎಂದು ಅವನಿಗೆ ತಡವಾಗಿ ಹೊಳೆಯಿತು. ಅಂದಿನಿಂದ ತಪ್ಪು ಹೇಳುವುದನ್ನೂ ನಿಲ್ಲಿಸಿ ಬಿಮ್ಮನೆ ಉಣ್ಣತೊಡಗಿದ. ಹೆಂಡತಿ ಒಮ್ಮೆ ಗಿರಣಿಯಲ್ಲಿ ಧಾನ್ಯ ತೂಗುತ್ತಾ, ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದಳು.

"ರೀ, ಬೇರೆಯವರ ಮಗಳು ಹಾಡಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ ಅಲ್ವಾ ನಿಮ್ಗೆ?"

"ಯಾವ ನೋವು? ನಿನ್ನ ತಲೆ" ಎಂದು ಅವನು ಮೋಟರಿನ ಗುಂಡಿ ಒತ್ತಿದ. ಆ ಸದ್ದಿನಲ್ಲಿ ಮುಂದೆ ಯಾರೂ ಏನೂ ಹೇಳುವಂತಿರಲಿಲ್ಲ.

ಅವನದೇ ವಾರಗಳಲ್ಲಿ ಈಗ ಏನೋ ಹದ ತಪ್ಪುತ್ತಿತ್ತು. ಮಗಳಿಗೆ ವಿರಾಮವಿರಲಿ ಎಂದು ತನ್ನ ಸರದಿಯಲ್ಲಿ ಅವಳನ್ನು ಕೆಳಗೇ ಕೂರಿಸುತ್ತಿದ್ದ. ವಿರಾಮವೇನೂ ಅಲ್ಲ, ಅವಳು ಕಣ್ಣಿಗೆ ಬೀಳದಿರಲಿ ಎಂಬುದು ಅಸಲು ಸಂಗತಿ. ಕೀಬೋರ್ಡ್ ನುಡಿಸುತ್ತಿದ್ದವನು ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ಒಂದು ಭಾನುವಾರ ಅವನು ತಂತಿ ಸುತ್ತುತ್ತಾ, ಅಣ್ಣ, ಇತ್ತೀಚೆಗೆ ಶ್ರುತಿಯಿಂದ ಸ್ವಲ್ಪ ಕೆಳಕ್ಕೆ ಇಳೀತಿದ್ದೀರಿ, ನನ್ನ ಸ್ಪೀಕರ್ ನಿಮ್ಮ ಕಡೆ ತಿರುಗಿಸ್ಲಾ ಎಂದು ಕೇಳಿದ. ನಿನ್ನ ಪೆಟ್ಟಿಗೆಯೇ ಸರಿಯಿಲ್ಲ ನೋಡಿಕೋ ಎಂದು ಗಿರಣಿಯವನು ಗದರಿಬಿಟ್ಟ. ಎಲ್ಲರೂ ಒಂದಾಗಿದ್ದಾರೆ, ತನ್ನನ್ನು ಇಳಿಸಲು ಹೊಂಚು ಹಾಕುತ್ತಿದ್ದಾರೆ ಎಂದು ಮನೆ ಸೇರುವವರೆಗೆ ಮನಸ್ಸಿನಲ್ಲೇ ಬೈದುಕೊಂಡ.

ಸಭೆಯ ವಾರ್ಷಿಕೋತ್ಸವ ಬಂತು. ಅಪ್ಪ ಮಗಳು ಇಬ್ಬರೂ ಜೊತೆಯಾಗಿ ಹಾಡಲಿ ಎಂದು ಪಾಸ್ಟರ್ ಹೇಳಿದರು. ಅವನಿಗೆ ಒಂದು ದುರ್ಬುದ್ಧಿ ಹೊಳೆಯಿತು. ಅವಳ ದನಿ ತಗ್ಗಿನಲ್ಲಿ ಜೇನು, ತೀರ ಮೇಲಕ್ಕೆ ಹೋದರೆ ಬಿರಿಯುತ್ತದೆ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು. ಗುರುವಿಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತಿರುತ್ತದೆ? ಆ ದಿನ ಕೀಬೋರ್ಡಿನವನು ಶ್ರುತಿ ಕೊಡುವುದಕ್ಕೂ ಕಾಯದೆ ತಾನೇ ಮುನ್ನುಗ್ಗಿ, ಅಭ್ಯಾಸ ಮಾಡಿದ್ದಕ್ಕಿಂತ ಬಹಳ ಮೇಲೆ ಹಾಡನ್ನು ಎತ್ತಿದ. ಮಗಳು ಒಮ್ಮೆ ಅವನತ್ತ ನೋಡಿದಳು. ಪಲ್ಲವಿಯ ತುದಿಯಲ್ಲಿ ಅವಳ ದನಿ ಒಡೆಯಿತು, ಎಲ್ಲರಿಗೂ ಕೇಳಿಸುವಂತೆ. ಅವನ ಹೊಟ್ಟೆಯ ಕಿಚ್ಚಿಗೆ ತಣ್ಣೀರು ಹೊಯ್ದಂತಾಯಿತು. ಆಮೇಲೆ ಅವಳು ಮೈಕಿನಿಂದ ಕೊಂಚ ಹಿಂದೆ ಸರಿದು, ಅವನ ದನಿಯ ಕೆಳಗೆ ತನ್ನ ದನಿಯನ್ನು ತಂದು ಕೂಡಿಸಿದಳು. ಹಾಡು ಸುಸೂತ್ರವಾಗಿ ಮುಗಿಯಿತು. ಜನ ಬಂದು, ಇವತ್ತು ಅಪ್ಪನದೇ ಕೈ ಮೇಲು ಎಂದರು. ಅವನು ಮನೆಗೆ ಹೋಗುವಾಗ ಸಿಳ್ಳೆ ಹಾಕಿದ.

ಮಧ್ಯಾಹ್ನ ಹೆಂಡತಿಯೂ ಮಗಳೂ ಪಾತ್ರೆ ತೊಳೆಯುತ್ತಿದ್ದಾಗ ತಾಯಿ ಅವನನ್ನು ಹತ್ತಿರ ಕರೆದಳು. ಕಣ್ಣು ಮಂಜಾಗಿದ್ದರೂ ಆಕೆಯ ಕಿವಿ ಮಾತ್ರ ಇನ್ನೂ ಚುರುಕು.

"ಮೇಲೆತ್ತಿದ್ದೇನೋ ಎತ್ತಿದೆ. ಎರಡನೇ ಚರಣಕ್ಕೆ ನೀನೇ ಜಾರಿದೆ, ಗೊತ್ತಾ?"

"ನಾನಾ? ಒಡೆದದ್ದು ಅವಳ ದನಿ."

"ಒಡೆದದ್ದು ಅವಳದು. ತಪ್ಪಿದ್ದು ನಿಂದು. ಅವಳು ನಿನ್ನ ತಪ್ಪಿಗೆ ಬಂದು ಸೇರ್ಕೊಂಡ್ಳು. ಆ ಕೀಬೋರ್ಡಿನವನನ್ನೂ ಹೇಗೋ ಸನ್ನೆ ಮಾಡಿ ಇಳಿಸಿದ್ಳು. ಎಲ್ಲರೂ ಕೂಡಿ ತಪ್ಪಿದ್ರೆ ಯಾರಿಗೆ ಗೊತ್ತಾಗುತ್ತೆ?"

ಬೇರೆ ಯಾರಾದರೂ ಆಗಿದ್ದರೆ ಇದನ್ನು ಕೇಳಿ ಕರಗುತ್ತಿದ್ದರೋ ಏನೋ. ಅವನಿಗೆ ಉರಿ ಇನ್ನಷ್ಟು ಹೆಚ್ಚಾಯಿತು. ಚೆನ್ನಾಗಿ ಹಾಡುವುದಲ್ಲದೆ ದೊಡ್ಡ ಮನಸ್ಸನ್ನೂ ತೋರಿಸುತ್ತಾಳೆಯೇ ಎಂದು. ಮಾರನೆಯ ದಿನ ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಗಿರಣಿಗೆ ಬುತ್ತಿ ಕೊಡಲು ಬಂದಾಗ ಅವನು ಮೋಟರು ನಿಲ್ಲಿಸಿದ. ಬೆಲ್ಟು ಕೊನೆಯ ಸುತ್ತು ತಿರುಗಿ ನಿಂತಿತು.

"ನಿನ್ನೆ ನನ್ನ ಶ್ರುತಿ ತಪ್ಪಿತ್ತು ಅಂತ ನಿಂಗೆ ಗೊತ್ತಿತ್ತಾ?"

ಅವಳು ಬುತ್ತಿಯ ಮುಚ್ಚಳದ ಮೇಲಿನ ಹಿಟ್ಟನ್ನು ಬೆರಳಿನಿಂದ ಒರೆಸಿದಳು. "ಗೊತ್ತಿತ್ತು."

"ನಿನ್ನೆ ಒಂದಿನಾನಾ?"

"ಇಲ್ಲ ಅಪ್ಪ. ಬಹಳ ದಿನದಿಂದ. ಗಿರಣಿ ಸದ್ದಿಗೆ ನಿಮ್ಮ ಕಿವಿ ಮಂದವಾಗಿದೆ. ಕೀಬೋರ್ಡು ನಿಮ್ಗೆ ಸರಿಯಾಗಿ ಕೇಳ್ಸಲ್ಲ. ನಾನು ಹಿಂದೆ ನಿಂತು ನೀವು ಹೋದ ಕಡೆ ಬರ್ತಿದ್ದೆ. ಇಲ್ಲಾಂದ್ರೆ ಸ್ವಲ್ಪ ಜೋರಾಗಿ ಹಾಡಿ ನಿಮ್ಮನ್ನ ಕರ್ಕೊಂಡು ಬರ್ತಿದ್ದೆ."

ಅವನ ಮುಖ ಹಿಟ್ಟಿಗಿಂತ ಬಿಳುಪಾಯಿತು. ತನ್ನ ಬೆನ್ನ ಹಿಂದೆ ನಿಂತು ಕಲಿಯುತ್ತಿದ್ದಾಳೆ ಎಂದುಕೊಂಡಿದ್ದವಳು ಅಷ್ಟು ವರ್ಷ ತನ್ನನ್ನು ಹೊತ್ತುಕೊಂಡು ನಡೆದಿದ್ದಳು.

"ನನ್ನನ್ನ ಹೊರೋಕೆ ನಿನ್ನ ಯಾರು ಕೇಳಿದ್ರು?" ಎಂದ.

ಅವಳ ಕಣ್ಣು ತುಂಬಿದವು, ಆದರೆ ದನಿ ನಡುಗಲಿಲ್ಲ. ಸೇತುವೆಯಾಚೆಯ ದೊಡ್ಡ ಚರ್ಚಿನವರು ಹಾಡಲು ಕರೆಯುತ್ತಿದ್ದಾರೆ, ಆಗುವುದಿಲ್ಲ ಅಂದಿದ್ದೆ, ಈಗ ಹೂಂ ಅನ್ನುತ್ತೇನೆ ಎಂದಳು. ಹೋಗು ಎಂದು ಅವನು ಮೋಟರು ಹಾಕಿದ.

ಮೈಕು ಪೂರ್ತಿಯಾಗಿ ಅವನದಾಯಿತು. ಮೊದಲ ಭಾನುವಾರ ಕೊರಳಿನ ಗಂಟು ಬಿಚ್ಚಿದಂತೆ ಹಾಡಿದ. ಮುಂದೊಂದು ಭಾನುವಾರ, ನಿಧಾನಗತಿಯ ಹಾಡೊಂದರ ನಡುವೆ, ಜನರ ಬಾಯಿಗಳು ಒಂದೊಂದಾಗಿ ಮುಚ್ಚುವುದು ಅವನಿಗೆ ಕಂಡಿತು. ಅರ್ಧ ಜನ ಕೀಬೋರ್ಡಿನ ಜೊತೆ, ಅರ್ಧ ಜನ ಅವನ ಜೊತೆ ಹೋಗಿ, ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಕ್ಕಳಂತಾಗಿದ್ದರು. ಕೀಬೋರ್ಡಿನವನು ಅವನನ್ನು ಹುಡುಕಿಕೊಂಡು ಒಂದೆರಡು ಸ್ವರ ಒತ್ತಿ, ಸಿಗದೆ, ಕೈಯೆತ್ತಿಬಿಟ್ಟ. ಚರ್ಚಿನಲ್ಲಿ ಅವನ ದನಿ ಒಂದೇ ಉಳಿಯಿತು. ಆಮೇಲೆ ಅದೂ ನಿಂತಿತು. ಪಾಸ್ಟರ್ ಎದ್ದು, ಪ್ರಾರ್ಥನೆ ಮಾಡೋಣ ಎಂದರು. ಕಣ್ಣು ಮುಚ್ಚಿದ ಅಷ್ಟೂ ಜನರ ಮುಂದೆ ಅವನು ಕಣ್ಣು ತೆರೆದೇ ನಿಂತಿದ್ದ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಅಲ್ಲಿಂದ ಗಿರಣಿಗೆ ಭಾನುವಾರವೇ ರಿಪೇರಿ ಬರತೊಡಗಿತು. ಬೆಲ್ಟು ಸಡಿಲ, ಬೇರಿಂಗಿಗೆ ಎಣ್ಣೆಯಿಲ್ಲ, ಕಲ್ಲು ಸವೆದಿದೆ. ತಾನಿಲ್ಲದ ಸಭೆಯಲ್ಲಿ ಹಾಡು ಯಾರು ಹಿಡಿದರು ಎಂದು ಅವನು ಕೇಳಲೂ ಇಲ್ಲ. ಒಂದು ದಿನ ಹೀಗೆಯೇ ಕಲ್ಲನ್ನು ಬಿಚ್ಚಿ, ಉಳಿಯಿಂದ ಹಲ್ಲು ಮೂಡಿಸುತ್ತಾ ಕೂತಿದ್ದಾಗ ತಾಯಿ ಕೋಲೂರಿಕೊಂಡು ಬಂದು ಚೀಲದ ಮೇಲೆ ಕುಳಿತಳು. ಚರ್ಚಿಗೆ ಹೋಗಲಿಲ್ಲವೇ ಎಂದು ಕೇಳಿದ.

"ಮೊಣಕಾಲು ನೋವು" ಎಂದಳು. ಕೋಲನ್ನು ಪಕ್ಕಕ್ಕೆ ಒರಗಿಸಿ, "ನೀನು ಹಾಡು ಹಿಡಿದಾಗ್ಲೂ ಬಂದಿತ್ತಲ್ಲ, ಅದೇ ನೋವು. ನಿಂಗೂ ಬಂದಿರೋ ಹಾಗಿದೆ" ಎಂದಳು.

ಉಳಿ ನಿಂತಿತು. ಅವನು ತಾಯಿಯ ಮುಖವನ್ನೇ ನೋಡಿದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನನ್ನ ಮೇಲೆ ಹೊಟ್ಟೆಕಿಚ್ಚಾ? ನಿಂಗಾ?"

"ಹೆತ್ತ ಹೊಟ್ಟೆಗೆ ಕಿಚ್ಚು ಬೀಳಲ್ಲ ಅಂತ ಯಾರು ಹೇಳಿದ್ರು? ಸೈಕಲ್ ಅಂಗಡಿ ಹತ್ರ ನಿಂತ್ಕೊಂಡು ಕೇಳ್ತಿದ್ದೆ. ನೀನು ಎಲ್ಲಾದ್ರೂ ತಪ್ಪಲಿ ಅಂತ ಕಾಯ್ತಿದ್ದೆ, ದೇವರಾಣೆಗೂ. ನೀನು ತಪ್ಪಲಿಲ್ಲ."

"ಆಮೇಲೆ ಹೇಗೆ ಹೋಯ್ತು?"

"ಎಲ್ಲಿ ಹೋಯ್ತು? ನಿಂತೂ ನಿಂತೂ ಸಾಕಾಯ್ತು, ಒಳಗೆ ಬಂದು ಕೂತೆ. ಹೊಟ್ಟೆ ಅದರ ಪಾಡಿಗೆ ಉರೀತಿತ್ತು, ಬಾಯಿ ಅದರ ಪಾಡಿಗೆ ಹಾಡ್ತಿತ್ತು." ಕೋಲು ಹಿಡಿದು ಎದ್ದಳು. "ಸೇತುವೆಯಾಚೆ ಸಂಜೆ ಇನ್ನೊಂದು ಆರಾಧನೆ ಇದೆಯಂತೆ. ಹೋಗಿ ನಿಂತಾದ್ರೂ ಕೇಳು."

ಅವನು ಹೋಗುವುದಿಲ್ಲ ಎಂದ. ಸಂಜೆಯಾಗುತ್ತಲೇ ಹೋದ.

ದೊಡ್ಡ ಚರ್ಚು, ಮೆತ್ತೆಯ ಕುರ್ಚಿಗಳು, ತಣ್ಣಗಿನ ಗಾಳಿ. ಅವನು ಕೊನೆಯ ಸಾಲಿನಲ್ಲಿ ಕಂಬದ ಮರೆ ನೋಡಿಕೊಂಡು ಕುಳಿತ. ಮಗಳು ಬಂದಳು. ನಿಂತಳು. ಅಷ್ಟು ಜನ ಸುಮ್ಮನಾಗುವವರೆಗೆ ಕಾದಳು. ಕಾಯುವ ಧೈರ್ಯ ತನಗೆ ಯಾವತ್ತೂ ಇರಲಿಲ್ಲ ಎಂದು ಅವನಿಗೆ ಅನಿಸಿತು. ಒಂದು ಗಳಿಗೆ ಸದ್ದಿಲ್ಲದಿದ್ದರೂ ಜನ ಕೈ ಬಿಟ್ಟುಹೋಗುತ್ತಾರೆಂಬ ಭಯದಲ್ಲಿ ಅವನು ಕೂಗಿ ತುಂಬುತ್ತಿದ್ದ. ಇದನ್ನು ಅವಳಿಗೆ ಅವನು ಕಲಿಸಿರಲಿಲ್ಲ. ಅದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಪಕ್ಕದಲ್ಲಿದ್ದ ವಯಸ್ಸಾದ ಗೃಹಸ್ಥರೊಬ್ಬರು ವಾಲಿ, "ಎಷ್ಟು ಚೆನ್ನಾಗಿ ಹಾಡ್ತಾಳೆ, ಅಲ್ವಾ? ಯಾರ ಮಗಳೋ" ಎಂದರು.

"ಗೊತ್ತಿಲ್ಲ" ಎಂದುಬಿಟ್ಟ ಅವನು.

ಅಂದ ಮೇಲೆ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಮೊದಲ ಹಾಡು ಮುಗಿಯಿತು. ಎರಡನೆಯದಕ್ಕೆ ಎಲ್ಲರೂ ಎದ್ದು ನಿಂತರು. ಹಳೆಯ ಹಾಡು, ಅವನ ತಾಯಿಯ ಕಾಲದ್ದು. ಅವನ ಬಾಯಿ ತಾನಾಗಿಯೇ ಸೇರಿಕೊಂಡಿತು. ಜನ ಹಿಂಬಾಲಿಸುತ್ತಿದ್ದಾರೋ ಇಲ್ಲವೋ ಎಂದು ನೋಡುವ ಕೆಲಸವಿರಲಿಲ್ಲ. ತಾನು ತಪ್ಪಿದರೂ ಅಷ್ಟು ಜನರ ದನಿಯಲ್ಲಿ ಮುಳುಗಿಹೋಗುತ್ತಿತ್ತು. ಹೊಟ್ಟೆಯ ಉರಿ ಅಲ್ಲೇ ಇತ್ತು, ಹಾಡೂ ನಡೆಯುತ್ತಿತ್ತು. ಹಾಡು ಮುಗಿದು ಕೂತ ಮೇಲೆ ಅವನು ಪಕ್ಕದವರ ಕಡೆ ತಿರುಗಿದ.

"ಸುಳ್ಳು ಹೇಳಿದೆ ಸ್ವಾಮಿ. ಅವಳು ನನ್ನ ಮಗಳು."

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತೆ ಇಷ್ಟು ಹಿಂದೆ ಯಾಕೆ ಕೂತಿದ್ದೀರಿ?"

"ನಂಗೆ ಕಿವಿ ಸ್ವಲ್ಪ ಮಂದ" ಎಂದ. ಅವರಿಗೆ ಅದು ಅರ್ಥವಾಗಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಮಗಳು ನಿಂತಿದ್ದಳು. ಕಂಬದ ಮರೆಯಲ್ಲಿ ಕೂತರೂ ಅಂಗಿಯ ಹಿಟ್ಟು ಮರೆಯಾಗುವುದಿಲ್ಲ ಅಪ್ಪ ಎಂದಳು. ಇಬ್ಬರೂ ಸೇತುವೆಯ ಮೇಲೆ ನಡೆದರು. ಕ್ಷಮೆ ಎಂಬ ಮಾತು ಅವನ ಬಾಯಿಗೆ ಬರಲಿಲ್ಲ. ವಾರ್ಷಿಕೋತ್ಸವದ ದಿನ ಬೇಕೆಂದೇ ಮೇಲೆತ್ತಿದೆ ಎಂದಷ್ಟೇ ಹೇಳಿದ. ಗೊತ್ತು ಎಂದಳು. ಆಮೇಲೆ ತನ್ನ ಗೋಳು ತೆಗೆದಳು. ಅಲ್ಲಿ ಹೊಸದಾಗಿ ಒಬ್ಬಳು ಬಂದಿದ್ದಾಳೆ, ಶಾಲೆಯ ಟೀಚರು, ದನಿ ಮೇಲಕ್ಕೆ ಹೋಗುತ್ತದೆ ನಿಜ, ಆದರೆ ಭಾವ ಇಲ್ಲ, ಎಲ್ಲರೂ ಸುಮ್ಮನೆ ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ, ಹಾಗೆ ಹೊಗಳುವುದು ಅವಳಿಗೇ ಒಳ್ಳೆಯದಲ್ಲ. ಅವನು ನಡೆಯುವುದನ್ನು ನಿಲ್ಲಿಸಿ ಸೇತುವೆಯ ಕಂಬಿ ಹಿಡಿದುಕೊಂಡು ನಗತೊಡಗಿದ. ಮೊದಲು ಅವಳಿಗೆ ಸಿಟ್ಟು ಬಂತು. ಆಮೇಲೆ ತಾನೇನು ಹೇಳಿದೆ ಎಂಬುದು ಹೊಳೆದು, ಮುಖ ಮುಚ್ಚಿಕೊಂಡು ಅವಳೂ ನಕ್ಕಳು.

ಮಗಳು ಆ ಚರ್ಚಿನಲ್ಲೇ ಉಳಿದಳು. ಅವನು ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿ, ಯಂತ್ರ ಹಾಕಿಸಿಕೊಂಡು ಬಂದ. ಮನೆಯ ನಲ್ಲಿ ತೊಟ್ಟಿಕ್ಕುವುದೂ, ಹೆಂಡತಿ ತನ್ನಷ್ಟಕ್ಕೇ ಗೊಣಗುವುದೂ ಮೊದಲ ಬಾರಿಗೆ ಕೇಳಿಸಿದವು. ಜೊತೆಗೆ ತನ್ನ ದನಿಯೂ ಕೇಳಿಸಿತು, ಅದಕ್ಕೆ ವಯಸ್ಸಾಗಿತ್ತು. ಪಾಸ್ಟರ್ ಬಳಿಗೆ ಹೋಗಿ, ಇನ್ನು ನಾನು ಹಾಡು ಹಿಡಿಯುವುದಿಲ್ಲ, ಹಿಡಿಯುವವರಿಗೆ ಕಲಿಸುತ್ತೇನೆ ಎಂದ. ಬೇಕರಿ ನಡೆಸುವ ಹೆಂಗಸೊಬ್ಬಳು ಮುಂದೆ ಬಂದಳು. ಎರಡು ಮಕ್ಕಳ ತಾಯಿ, ಗಟ್ಟಿ ಗಂಟಲು, ಸಾಲುಗಳನ್ನು ಮರೆಯುವ ಚಾಳಿ. ಸಂಜೆ ಅವಳು ಬೇಕರಿಗೆ ಗೋಧಿ ಬೀಸಿಸಲು ಬರುವ ಹೊತ್ತಿಗೇ ಗಿರಣಿಯಲ್ಲಿ ಪಾಠ. ಮೊದಲು ಕಾಯುವುದನ್ನು ಕಲಿ, ಹಾಡುವುದು ಆಮೇಲೆ ಎನ್ನುತ್ತಾನೆ. ಅದು ಯಾರಿಂದ ಕಲಿತದ್ದೆಂದು ಕೇಳಿದರೆ ಹೇಳುತ್ತಾನೆ, ಆದರೆ ಕೇಳಿದರೆ ಮಾತ್ರ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ. ಮೊನ್ನೆ ಭಾನುವಾರ ಬೇಕರಿಯವಳು ಚೆನ್ನಾಗಿ ಶುರುಮಾಡಿ, ಜನ ಮೈಮರೆತು ಹಾಡುತ್ತಿದ್ದಾಗ ಮೂರನೆಯ ಚರಣ ಮರೆತಳು. ಗಾಬರಿಯಿಂದ ಮೊದಲ ಬೆಂಚಿನಲ್ಲಿದ್ದ ಅವನ ಕಡೆ ನೋಡಿದಳು. ಸಾಲು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಗಳಿಗೆ ಅವನು ಸುಮ್ಮನೆ ಕೂತ, ಆ ಗಳಿಗೆ ಅವನಿಗೆ ಬಹಳ ಸವಿಯಾಗಿತ್ತು. ಆಮೇಲೆ ಮುಂದಕ್ಕೆ ಬಾಗಿ, ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಸಾಲು ಎತ್ತಿಕೊಟ್ಟ.